ಮಾರಿಸ್ ಕಾರಿನ ಹಿಂಬದಿಯ ಮೂರು ದೀಪಗಳು

ಮದ್ದೂರು
4 ಮಾರ್ಚ್ 2024

ಚಿಕ್ಕಣ್ಣನಿಗೆ,

ನಿನ್ನ ಕಾರಿನ ವಿಷಯದಲ್ಲಿ ಈವರೆಗೆ ನನಗೆ ಖಚಿತವಾಗಿ ಗೊತ್ತಿರುವ ಸಂಗತಿಗಳನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

1. ಕಾರು 1956ರ ಮಾರಿಸ್ ಮೈನರ್, ನಿನ್ನ ತಂದೆಯವರದು. ಅದರ ಹಿಂಬದಿಯ ದೀಪಗಳು ಮೊದಲಿನಿಂದಲೂ ಮಂಕು. ಐವತ್ತು ಅಡಿ ದೂರದಿಂದ ನೋಡಿದರೆ ಬೀಡಿಯ ಕೆಂಡದಷ್ಟು ಕಾಣುತ್ತವೆ ಎಂದು ನೀನೇ ಹೇಳುತ್ತಿದ್ದೆ.

2. 2023ರ ಆಗಸ್ಟ್ 12ರಂದು ಎಡ, ಬಲ ಮತ್ತು ನಂಬರ್ ಪ್ಲೇಟಿನ ಮೇಲಿನ ಹಳೆಯ ಬಲ್ಬುಗಳನ್ನು ತೆಗೆದು, ನಾನೇ ಕೂಡಿಸಿದ ಎಲ್‌ಇಡಿ ದೀಪಗಳನ್ನು ಹಾಕಿದೆ. ಬ್ರೇಕ್ ಒತ್ತಿದಾಗ ಹೊತ್ತುವ ದೀಪವೂ ಅವುಗಳಲ್ಲಿಯೇ ಸೇರಿತ್ತು. ಅಂದು ಸಂಜೆ ನಾವಿಬ್ಬರೂ ಮುನ್ನೂರು ಅಡಿ ದೂರ ನಡೆದುಹೋಗಿ ತಿರುಗಿ ನೋಡಿದೆವು. ಮೂರೂ ಸ್ಪಷ್ಟವಾಗಿ ಕಂಡವು.

3. ಆ ಕಾರಿನ ಕ್ರಮ ಇಂದಿನ ಕಾರುಗಳದಕ್ಕೆ ವಿರುದ್ಧ. ಇಂದಿನವುಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಕಾರಿನ ಲೋಹದ ಮೈಗೆ ಸೇರುತ್ತದೆ. ಮಾರಿಸ್‌ನಲ್ಲಿ ಪ್ಲಸ್ ತುದಿ ಸೇರಬೇಕು. ಹಳೆಯ ಬಲ್ಬು ಹೇಗೆ ಜೋಡಿಸಿದರೂ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ, ವಿದ್ಯುತ್ತು ಒಂದೇ ದಿಕ್ಕಿನಿಂದ ಬಂದರೆ ಮಾತ್ರ ಉರಿಯುತ್ತದೆ. ನಾನು ದೀಪಗಳನ್ನು ಮಾರಿಸ್‌ನ ಕ್ರಮಕ್ಕೆ ಹೊಂದಿಸಿಯೇ ಕೂಡಿಸಿದ್ದೆ.

4. ಈ ವರ್ಷದ ಜನವರಿ 18, ಸಂಜೆ 6 ಗಂಟೆ 50 ನಿಮಿಷ, ಮದ್ದೂರು–ಮಳವಳ್ಳಿ ರಸ್ತೆ. ಕಬ್ಬಿನ ಗಾಡಿಯ ಹಿಂದೆ ನಿಧಾನಿಸಿದ್ದ ನಿನ್ನ ಕಾರಿಗೆ ಹಿಂದಿನಿಂದ ಬೈಕೊಂದು ಬಡಿಯಿತು. ಸವಾರ ಚಿಕ್ಕರಸಿನಕೆರೆಯ ಪುಟ್ಟರಾಜು, ವಯಸ್ಸು ಮೂವತ್ತೊಂದು. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದವನು. ಮರುದಿನ ಬೆಳಗ್ಗೆ ಮಂಡ್ಯದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ.

5. ಡಿಕ್ಕಿಯ ರಭಸಕ್ಕೆ ಹಿಂಬದಿಯ ದೀಪಗಳು ಒಡೆದುಹೋಗಿದ್ದರಿಂದ, ತಪಾಸಣೆಗೆ ಬಂದವರಿಗೆ ಅವನ್ನು ಉರಿಸಿ ನೋಡುವುದು ಸಾಧ್ಯವಾಗಲಿಲ್ಲ.

6. ಜನವರಿ 27ರಂದು, ನೀನೂ ನಿನ್ನ ವಕೀಲರೂ ಕೇಳಿದ್ದರಿಂದ, ನಾನು ಪೊಲೀಸರಿಗೆ ಲಿಖಿತ ಹೇಳಿಕೆ ಕೊಟ್ಟೆ. ‘ಸದರಿ ವಾಹನಕ್ಕೆ 12-08-2023ರಂದು ನಾನು ಪ್ರಖರವಾದ ದೀಪಗಳನ್ನು ಅಳವಡಿಸಿ, ಮುನ್ನೂರು ಅಡಿ ದೂರದಿಂದ ಪರೀಕ್ಷಿಸಿರುತ್ತೇನೆ’ ಎಂದು ಬರೆದೆ. ತಪ್ಪು ಬೈಕ್ ಸವಾರನದೆಂದು ದಾಖಲಾಯಿತು.

7. ಕಳೆದ ಗುರುವಾರ ಠಾಣೆಯಿಂದ ಬಿಟ್ಟ ಕಾರು ರಿಪೇರಿಗೆಂದು ನನ್ನ ಶೆಡ್ಡಿಗೆ ಬಂತು. ಬಾನೆಟ್ ಎತ್ತಿದೆ. ಬ್ಯಾಟರಿ ಹೊಸದು. ಮೈನಸ್ ತುದಿ ಕಾರಿನ ಮೈಗೆ ಸೇರಿದೆ. ಬ್ಯಾಟರಿಯ ಎರಡು ಕಂಬಗಳಲ್ಲಿ ಪ್ಲಸ್ ತುಸು ದಪ್ಪ, ಮೈನಸ್ ತುಸು ಸಣ್ಣ. ಆದ್ದರಿಂದ ಅದಲುಬದಲು ಮಾಡಿದರೆ ಹಳೆಯ ಕ್ಲಾಂಪುಗಳು ಸರಿಯಾಗಿ ಕೂರುವುದಿಲ್ಲ. ಜೋಡಿಸಿದವರು ಸಡಿಲವಾದ ಕಡೆ ತಗಡಿನ ಪಟ್ಟಿ ಸುತ್ತಿ ಬಿಗಿ ಮಾಡಿದ್ದಾರೆ. ಬಿಗಿಯಾದ ಕಡೆ ಸ್ಕ್ರೂಡ್ರೈವರ್ ತೂರಿಸಿ ಅಗಲಿಸಿದ್ದಾರೆ. ನಾನು ಎರಡನ್ನೂ ನೋಡಿದ್ದೇನೆ. ಮುಟ್ಟಿಲ್ಲ.

ನೀನು ಮಂಡ್ಯದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ಡಿಪ್ಲೊಮಾ ಓದಿದವನು. ಬ್ಯಾಟರಿಯನ್ನು ಹೀಗೆ ಜೋಡಿಸಿದರೆ ಮುಂದಿನ ದೀಪಗಳು ಎಂದಿನಂತೆ ಉರಿಯುತ್ತವೆ, ಹಿಂದಿನ ಮೂರೂ ಉರಿಯುವುದಿಲ್ಲ, ಓಡಿಸುವವನಿಗೆ ಏನೂ ತಿಳಿಯುವುದಿಲ್ಲ ಎಂಬುದನ್ನು ನಿನಗೆ ವಿವರಿಸಬೇಕಾಗಿಲ್ಲ.

ಬ್ಯಾಟರಿಯನ್ನು ಎಂದು, ಎಲ್ಲಿ ಬದಲಾಯಿಸಿದೆ ಎಂಬುದನ್ನು ಬರೆದು ತಿಳಿಸು. ಫೋನಿನಲ್ಲಿ ಬೇಡ. ಫೋನಿನಲ್ಲಿ ಆಡಿದ್ದು ಆಡಿದವನಿಗೂ ಕೇಳಿದವನಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ.

ಇತಿ,
ಅಫ್ಸರ್ ಪಾಷಾ

*

ಮಳವಳ್ಳಿ
11 ಮಾರ್ಚ್ 2024

ಪಾಷಾ,

ಮೂವತ್ಮೂರು ವರ್ಷಕ್ಕೆ ನೀನು ಬರೆದ ಮೊದಲ್ನೇ ಕಾಗ್ದ ಇದು. ಅದುಕ್ಕೂ ನಂಬರ್ ಆಕಿದ್ದೀಯ. ನಂಗೆ ನಿನ್ ಥರ ಪುಸ್ತಕದ ಮಾತು ಬರಾಕಿಲ್ಲ. ಆಡ್ದಂಗೇ ಬರೀತೀನಿ, ಓದ್ಕೊ.

ಬ್ಯಾಟರಿ ಬದ್ಲಾಯ್ಸಿದ್ದು ಸಂಕ್ರಾಂತಿ ಮಾರನೇ ದಿನ, ಜನವರಿ ಅದ್ನಾರು. ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗ್ನಿಲ್ಲ. ನಿನ್ ಶೆಡ್ಗೆ ತರಾನ ಅಂದ್ರೆ ಮಳವಳ್ಳಿಯಿಂದ ಮದ್ದೂರ್ಗಂಟ ತಳ್ಕಂಡ್ ಬರಕಾದದಾ? ಇಲ್ಲೇ ಬಸ್ ಸ್ಟ್ಯಾಂಡ್ ತಾವ ಬ್ಯಾಟರಿ ಅಂಗ್ಡಿಯೋನ್ನ ಕರ್ಸ್ದೆ. ಎಲ್ಲಾ ಕಾರ್ಗೂ ಎಂಗ್ ಜೋಡ್ಸ್ತಾನೋ ಇದುಕ್ಕೂ ಅಂಗೇ ಜೋಡ್ಸ್ದ. ಗಾಡಿ ಸ್ಟಾರ್ಟ್ ಆಯ್ತು, ಮುಂದ್ಗಡೆ ಲೈಟ್ ಉರೀತು. ಇಂದ್ಗಡೆ ಓಗಿ ನೋಡ್ನಿಲ್ಲ. ಯಾರ್ ನೋಡ್ತಾರೆ ಏಳು? ನೀನೊಬ್ಬ ನೋಡ್ತೀಯ.

ಬ್ಯಾಟರಿಗೆ ಬ್ಯಾರೆಯವ್ರ ಕೈ ಆಕುಸ್ಬೇಡ ಅಂತ ನೀನ್ ಏಳಿದ್ದು ದಿಟ. ಯಾವಾಗ್ ಏಳ್ದೆ? ಆಗಸ್ಟ್‌ನಲ್ಲಿ, ನಿಮ್ಮನೇಲಿ ಬಿರಿಯಾನಿ ತಿನ್ನುವಾಗ. ಬಾನೆಟ್ ಒಳಗೆ ಒಂದ್ ಚೀಟಿ ಅಂಟ್ಸಿದ್ರೆ ಆ ಅಂಗ್ಡಿಯೋನು ಓದ್ತಿದ್ದ.

ಇನ್ನೊಂದು. ನಿನ್ ಪಟ್ಟೀಲಿ ಏಳ್ ಅವೆ. ಒಂದ್ ಬುಟ್ಟೋಗದೆ. ಅದ್ನೇಳನೇ ತಾರೀಕು ಮದ್ಯಾನ ನಾನ್ ನಿಂಗೆ ಫೋನ್ ಮಾಡಿರ್ನಿಲ್ವಾ? ‘ಲೈಟ್ ಆಕುದ್ರೆ ನೀನ್ ಕೂರ್ಸ್ಕೊಟ್ಟಿರೋ ಆಂಪ್ ಮೀಟ್ರಲ್ಲಿ ಮುಳ್ಳು ಖರ್ಚಿನ್ ಕಡೆ ಓಗದ್ ಬುಟ್ಟು ಚಾರ್ಜಿನ್ ಕಡೆ ಓಯ್ತದೆ ಕಣ್ಲಾ. ನಿನ್ ಲೈಟು ಕರೆಂಟ್ ತಿನ್ನಾಕಿಲ್ಲ, ಉಟ್ಟಾಕ್ತವೆ’ ಅಂತ ನಗಾಡ್ಕಂಡ್ ಏಳ್ದೆ. ನೀನೇನಂದೆ? ನೀನೇ ಬರ್ಕೊ, ಎಂಟ್ನೇ ನಂಬ್ರಿಗೆ.

ನೋಡು, ಆ ಉಡ್ಗ ಸತ್ತಿದ್ದು ನಂಗೂ ಸಂಕಟವೇ. ಮೂರ್ ತಿಂಗ್ಳಿಂದ ಇತ್ಲಾಗೆ ನಾನು ಆ ರಸ್ತೇಲಿ ಓಗ್ತಿಲ್ಲ, ಮಂಡ್ಯದ ಮೇಲೆ ಸುತ್ಕಂಡ್ ಬತ್ತೀನಿ. ಎರಡ್ ತಿಂಗ್ಳು ಅನ್ನು, ನೀನ್ ತಿದ್ದೋಕ್ ಮೊದ್ಲೇ ನಾನೇ ತಿದ್ಕಂಡೆ. ಆದ್ರೆ ನಾನು ನಾಲೆ ಇಲಾಖೇಲಿ ಸರ್ಕಾರಿ ಸಂಬಳ ತಿನ್ನೋನು. ನನ್ ಮೇಲೆ ಕೇಸ್ ಬಿದ್ರೆ ಅವತ್ತೇ ಸಸ್ಪೆಂಡು. ನೀನ್ ಏನ್ ಬರುದ್ರೂ ಅವ್ನು ಎದ್ ಬರಾಕಿಲ್ಲ. ತಗಡು ಕಿತ್ ಬಿಸಾಕು, ಬ್ಯಾಟರಿ ಸರ್ಯಾಗ್ ಜೋಡ್ಸು, ಇಂದ್ಗಡೆ ಬಡ್ದು ಬಣ್ಣ ಒಡ್ಸಿ ಕಳ್ಸು.

ನಿನ್ ಶೆಡ್ ಇರೋ ಜಾಗ್ವ ನಮ್ಮಪ್ಪ ಕೊಟ್ಟು ಇಪ್ಪತ್ತೇಳ್ ವರ್ಷ ಆಯ್ತು. ಕಾಗ್ದ ಇಲ್ಲ, ಪತ್ರ ಇಲ್ಲ. ಅದು ಯಾರ್ದು ಅಂತ ನಾನ್ ಯಾವತ್ತೂ ಕೇಳ್ನಿಲ್ಲ.

ನಾಳೆಯಿಂದ ನಿಂಗೆ ರೋಜಾ ಅಲ್ವಾ. ಈ ಬಿಸ್ಲಲ್ಲಿ ಕಾರ್ ಕೆಳ್ಗೆ ಮಲಿಕ್ಕಂಡ್ ಕೆಲ್ಸ ಮಾಡ್ಬೇಡ.

ಚಿಕ್ಕಣ್ಣ

*

ಚಿಕ್ಕರಸಿನಕೆರೆ
2 ಏಪ್ರಿಲ್ 2024

ಶ್ರೀ ಅಫ್ಸರ್ ಪಾಷಾ ಅವರಿಗೆ ನಮಸ್ಕಾರ.

ನಾನು ನಯನ, ಜನವರಿಯಲ್ಲಿ ತೀರಿಕೊಂಡ ಪುಟ್ಟರಾಜು ಅವರ ಹೆಂಡತಿ. ನೀವು ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆಯ ನಕಲನ್ನು ನಮ್ಮ ವಕೀಲರು ತೋರಿಸಿದರು. ಕೆಳಗೆ ನಿಮ್ಮ ವಿಳಾಸವಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಜಗಳವಾಡಲು ಬರೆಯುತ್ತಿಲ್ಲ.

ಆ ರಾತ್ರಿ ಆಸ್ಪತ್ರೆಯಲ್ಲಿ ಅವರಿಗೆ ಸ್ವಲ್ಪ ಹೊತ್ತು ಎಚ್ಚರವಿತ್ತು. ನಮ್ಮ ಅತ್ತೆ ಸೋಮಮ್ಮನವರು ಪಕ್ಕದಲ್ಲಿದ್ದರು, ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ಅವರು ಅತ್ತೆಯ ಕೈ ಹಿಡಿದುಕೊಂಡು ‘ಅವ್ವಾ, ಕಾರ್ಗೆ ದೀಪ ಇರ್ನಿಲ್ಲ ಕಣವ್ವಾ’ ಎಂದರಂತೆ. ಎರಡು ಸಲ ಅಂದರಂತೆ. ಅದೇ ಕೊನೆಯ ಮಾತು.

ಅತ್ತೆ ಈ ಮಾತನ್ನು ಪೊಲೀಸರಿಗೂ ಹೇಳಿದರು, ಊರಿನಲ್ಲಿ ಎಲ್ಲರಿಗೂ ಹೇಳಿದರು. ಯಾರೂ ನಂಬಲಿಲ್ಲ. ಕಾರಿಗೆ ಹೊಸ ದೀಪ ಹಾಕಿದ್ದರಂತೆ, ಹಾಕಿದವರೇ ಬರೆದುಕೊಟ್ಟಿದ್ದಾರಂತೆ, ತಾಯಿ ಅಲ್ಲವೇ, ಮಗನ ಕಡೆಗೇ ಹೇಳುತ್ತಾರೆ ಎನ್ನುತ್ತಾರೆ. ಹೀಗೆ ಶುರುವಾದ ಮಾತು ಈಗ ನಮ್ಮವರು ಕುಡಿದಿದ್ದರು ಎಂಬಲ್ಲಿಗೆ ಬಂದು ನಿಂತಿದೆ. ಅವರು ಕುಡಿಯುತ್ತಿರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಚೆಕ್ ಮಾಡಿ ಬಿಡುತ್ತಾರೆ. ಆದರೆ ಇದನ್ನು ಎಷ್ಟು ಜನರಿಗೆ ಹೇಳಲಿ? ದೇವಸ್ಥಾನದ ಹತ್ತಿರ ಅಂಗಡಿಗೆ ಹೋದರೆ ಮಾತು ನಿಲ್ಲಿಸಿ ನೋಡುತ್ತಾರೆ. ಅತ್ತೆ ಈಗ ಅಂಗಡಿಗೇ ಹೋಗುವುದಿಲ್ಲ.

ನಾನು ಕೇಳುವುದು ಒಂದೇ. ಅಪಘಾತವಾದ ದಿನ ಆ ದೀಪಗಳು ಉರಿಯುತ್ತಿದ್ದವೋ ಇಲ್ಲವೋ? ನೀವು ಆ ಕೆಲಸ ಗೊತ್ತಿದ್ದವರು. ಉರಿಯುತ್ತಿದ್ದವು ಎಂದರೆ ಅದನ್ನೂ ತಿಳಿದುಕೊಳ್ಳುತ್ತೇನೆ.

ಇಂತಿ,
ನಯನ

*

ಮದ್ದೂರು
15 ಏಪ್ರಿಲ್ 2024

ಶ್ರೀಮತಿ ನಯನ ಅವರಿಗೆ,

ತಮ್ಮ ಪತ್ರ ತಲುಪಿತು. ತಮಗೆ ಆಗಿರುವ ನಷ್ಟಕ್ಕೆ ನಾನು ಏನನ್ನೂ ಹೇಳಲು ಅಶಕ್ತ.

ತಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ: ಸದರಿ ದೀಪಗಳನ್ನು 2023ರ ಆಗಸ್ಟ್ 12ರಂದು ಅಳವಡಿಸಿದವನು ನಾನು. ಅಂದು ಅವು ಸರಿಯಾಗಿ ಉರಿಯುತ್ತಿದ್ದವು. ಜನವರಿ 18ರಂದು ನಾನು ಅಪಘಾತದ ಸ್ಥಳದಲ್ಲಿ ಇರಲಿಲ್ಲ. ಆದ್ದರಿಂದ ಅಂದಿನ ಸ್ಥಿತಿಯನ್ನು ನಾನು ಕಣ್ಣಾರೆ ಕಂಡಿಲ್ಲ.

ಇತಿ ತಮ್ಮ ವಿಶ್ವಾಸಿ,
ಅಫ್ಸರ್ ಪಾಷಾ

*

ಮಳವಳ್ಳಿ
22 ಮೇ 2024

ಪಾಷಾ,

ರಂಜಾನ್ ಅಬ್ಬಕ್ ಬರಕಾಗ್ನಿಲ್ಲ. ಗಂಡ ಅಲ್ವಾ ನೀನು, ನಿಶಾತ್‌ಗೆ ಏನಾರ ಒಂದ್ ಏಳು.

ಆ ಉಡ್ಗನ ಮನೆಯವ್ರು ಕೋರ್ಟಿಗೆ ಓಗವ್ರೆ. ಜುಲೈ ಅತ್ತನೇ ತಾರೀಕು ನಿನ್ನ ಸಾಕ್ಷಿಗೆ ಕರೀತಾರೆ ಅಂದ್ರು ವಕೀಲ್ರು. ನೀನ್ ಒಸ್ದಾಗೇನೂ ಏಳೋದ್ ಬ್ಯಾಡ. ಬರ್ಕೊಟ್ಟಿದ್ದೀಯಲ್ಲ, ಅದನ್ನೇ ನಿಂತ್ಕಂಡ್ ಓದು, ಬಾ. ಅದ್ರಲ್ಲೇನೂ ಸುಳ್ಳಿಲ್ವಲ್ಲ.

ಕಾರು ಇನ್ನೂ ಯಾಕ್ ಕಳ್ಸಿಲ್ಲ? ಬ್ಯಾಟರಿ ಸರಿ ಮಾಡುದ್ಯಾ?

ಚಿಕ್ಕಣ್ಣ

*

ಚಿಕ್ಕರಸಿನಕೆರೆ
10 ಜೂನ್ 2024

ಪಾಷಾ ಅವರಿಗೆ,

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ‘ಈವಯ್ಯ ಇಷ್ಟುದ್ದ ಬರ್ದು ಏನೂ ಏಳ್ನಿಲ್ವಲ್ಲವ್ವಾ’ ಎಂದರು.

ಆಮೇಲೆ ಹಲವು ದಿನ ಅವರು ಈ ವಿಷಯ ಎತ್ತಲಿಲ್ಲ. ಮೊನ್ನೆ ಯಾರೋ ಹೇಳಿದರು, ಆ ಕಾರು ರಿಪೇರಿಯಾಗಿ ನಿಮ್ಮ ಶೆಡ್ಡಿನಲ್ಲಿಯೇ ನಿಂತಿದೆ ಎಂದು. ಅಂದಿನಿಂದ ಒಂದೇ ಹಟ ಹಿಡಿದಿದ್ದಾರೆ. ಕಾರಿನ ಹಿಂದೆ ನಿಂತು ದೀಪ ಉರಿಯುವುದನ್ನು ನೋಡಬೇಕಂತೆ. ಅದು ಈಗ ಹಾಕಿರುವ ದೀಪ, ಆಗಿನದಲ್ಲ ಎಂದು ನಾನು ಹೇಳಿದೆ. ‘ಗೊತ್ತು, ಅದೇ ಕಾರು ತಾನೇ’ ಎಂದರು. ಉರಿದರೆ ಮಗ ಆ ನೋವಿನಲ್ಲಿ ಏನೋ ಅಂದ ಎಂದುಕೊಂಡು ಸುಮ್ಮನಾಗುತ್ತಾರಂತೆ. ಮತ್ತೆ ಯಾರ ಮುಂದೆಯೂ ಆ ಮಾತು ಎತ್ತುವುದಿಲ್ಲವಂತೆ.

ಇದೇ 20ನೇ ತಾರೀಕು ಗುರುವಾರ ಮಧ್ಯಾಹ್ನದ ಬಸ್ಸಿಗೆ ಕರೆದುಕೊಂಡು ಬರುತ್ತೇನೆ. ತೋರಿಸುವುದಕ್ಕೆ ಇಷ್ಟವಿಲ್ಲದಿದ್ದರೆ ಮೊದಲೇ ತಿಳಿಸಿ. ಅವರಿಗೆ ಮಂಡಿ ನೋವು, ಸುಮ್ಮನೆ ಅಷ್ಟು ದೂರ ನಡೆಸಲಾರೆ.

ನಯನ

*

ಮದ್ದೂರು
1 ಜುಲೈ 2024

ಚಿಕ್ಕಣ್ಣನಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬಾಕಿಯಿತ್ತು. ತಡವಾದುದಕ್ಕೆ ಕಾರಣ ಕೆಲಸದ ಒತ್ತಡವಲ್ಲ.

ಮೊದಲು ಕಾರಿನ ಸ್ಥಿತಿ. ಹಿಂಭಾಗದ ತಗಡನ್ನು ಬಡಿದು ನೇರ ಮಾಡಿ ಬಣ್ಣ ಹೊಡೆಸಿದೆ. ಬೆಂಗಳೂರಿನ ಗುಜರಿಯಲ್ಲಿ ದೀಪದ ಕೆಂಪು ಗಾಜುಗಳು ಸಿಕ್ಕವು. ಆಗಸ್ಟಿನಲ್ಲಿ ಕೂಡಿಸಿದಾಗ ಉಳಿಸಿಟ್ಟಿದ್ದ ಅದೇ ಬಗೆಯ ಮೂರು ಎಲ್‌ಇಡಿಗಳನ್ನು ಅವುಗಳೊಳಗೆ ಕೂರಿಸಿದೆ. ಮೇ ಮೊದಲ ವಾರದಲ್ಲಿಯೇ ಎಲ್ಲ ಮುಗಿದಿತ್ತು, ಒಂದನ್ನು ಬಿಟ್ಟು. ಬ್ಯಾಟರಿ ಬಂದಾಗ ಹೇಗಿತ್ತೋ ಹಾಗೆಯೇ ಇತ್ತು. ಅದಕ್ಕೆ ಚಾರ್ಜ್ ಕೊಡುತ್ತಿದ್ದೆ, ಕ್ಲಾಂಪ್ ಬಿಚ್ಚಿರಲಿಲ್ಲ. ಏಕೆ ಬಿಚ್ಚಿಲ್ಲ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಪುಟ್ಟರಾಜುವಿನ ಹೆಂಡತಿ ಏಪ್ರಿಲ್‌ನಲ್ಲಿ ನನಗೆ ಬರೆದಿದ್ದರು. ಅಂದು ದೀಪ ಉರಿಯುತ್ತಿತ್ತೇ ಎಂದು ಕೇಳಿದ್ದರು. ನಾಲ್ಕು ವಾಕ್ಯಗಳ ಉತ್ತರ ಕೊಟ್ಟೆ. ಅಂಚೆಗೆ ಹಾಕುವ ಮೊದಲು ನಿಶಾತ್ ಅದನ್ನು ಓದಿದಳು. ಇದರಲ್ಲಿ ಸುಳ್ಳೇನಾದರೂ ಇದೆಯೇ ಎಂದಳು. ಇಲ್ಲ ಎಂದೆ. ಹಾಗಾದರೆ ಅಂಚೆಗೇಕೆ ಹಾಕುತ್ತೀರಿ, ಚಿಕ್ಕರಸಿನಕೆರೆಗೆ ಹೋಗಿ ಆಕೆಯ ಮುಂದೆ ನಿಂತು ಓದಿ ಬನ್ನಿ ಎಂದಳು. ನಾನು ಅಂಚೆಗೆ ಹಾಕಿದೆ. ಆ ತಿಂಗಳು ನಮ್ಮ ಮನೆಯಲ್ಲಿ ಅಗತ್ಯಕ್ಕೆ ಬೇಕಾದಷ್ಟೇ ಮಾತು ನಡೆಯಿತು.

ಜೂನ್‌ನಲ್ಲಿ ಆಕೆಯ ಇನ್ನೊಂದು ಪತ್ರ ಬಂತು. ಅತ್ತೆಯನ್ನು ಕರೆದುಕೊಂಡು ಇಪ್ಪತ್ತನೆಯ ತಾರೀಕು ಬರುತ್ತೇವೆ, ಕಾರಿನ ದೀಪ ಉರಿಸಿ ತೋರಿಸಿ, ಉರಿದರೆ ಅತ್ತೆ ಇನ್ನು ಮುಂದೆ, ಕಾರಿಗೆ ದೀಪವಿರಲಿಲ್ಲ ಎಂಬ ಮಗನ ಕೊನೆಯ ಮಾತನ್ನು ಎತ್ತುವುದಿಲ್ಲ ಎಂದು ಬರೆದಿದ್ದರು. ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು, ಚಿಕ್ಕಣ್ಣ. ಆ ಮಾತನ್ನು ಆಡುತ್ತಿದ್ದವರು ಲೋಕದಲ್ಲಿ ಅವರೊಬ್ಬರೇ.

ಹತ್ತೊಂಬತ್ತರ ಸಂಜೆ ಹತ್ತರ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದೆ. ತಂತಿಗಳನ್ನು ಅದಲುಬದಲು ಮಾಡುವುದು ನಾಲ್ಕು ನಿಮಿಷದ ಕೆಲಸ. ಮಾರಿಸ್ ಕಾರಿಗೆ ಸರಿಯಾದ ಕ್ರಮವೂ ಅದೇ. ಯಾರೂ ಅದನ್ನು ಮೋಸ ಎನ್ನಲಾರರು, ತಪ್ಪಾಗಿದ್ದುದನ್ನು ಮೆಕ್ಯಾನಿಕ್ ಸರಿಪಡಿಸಿದ ಎನ್ನುತ್ತಾರೆ. ನಾನು ನಟ್ಟಿನ ಮೇಲೆ ಸ್ಪ್ಯಾನರ್ ಇಟ್ಟೆ. ಕ್ಲಾಂಪಿಗೆ ಸುತ್ತಿದ್ದ ತಗಡಿನ ಅಂಚು ಬೆರಳಿಗೆ ತಗುಲಿತು. ಅದು ಯಾವುದೋ ಡಬ್ಬಿಯಿಂದ ಕತ್ತರಿಸಿದ ಪಟ್ಟಿ. ಒಳಬದಿಯಲ್ಲಿ ಇನ್ನೂ ಹಳದಿ ಬಣ್ಣವಿದೆ. ಕ್ಲಾಂಪ್ ಕೂರುತ್ತಿಲ್ಲ, ಅಂದರೆ ಇದು ಇಲ್ಲಿಗೆ ಸೇರಿದ್ದಲ್ಲ ಎಂದು ಆ ಅಂಗಡಿಯವನಿಗೆ ಅನಿಸಬೇಕಿತ್ತು. ಅನಿಸಲಿಲ್ಲ, ತಗಡು ಸುತ್ತಿದ. ಹೇಗಾದರೂ ಕೂರಿಸಿದ. ಜನವರಿ 27ರಂದು ನಾನು ಬರೆದ ಹೇಳಿಕೆಯೂ ಇದೇ ಬಗೆಯ ಕೆಲಸ. ಸ್ಪ್ಯಾನರನ್ನು ಅದರ ಜಾಗದಲ್ಲಿ ತೂಗುಹಾಕಿ ಮನೆಗೆ ಹೋದೆ.

ಮರುದಿನ ಒಂದೂವರೆಗೆ ಅವರು ಬಂದರು. ಸೋಮಮ್ಮನವರಿಗೆ ಅರವತ್ತರ ಮೇಲಾಗಿರಬೇಕು. ಕುರ್ಚಿ ಕೊಟ್ಟರೆ ಕೂರಲಿಲ್ಲ. ನಿಶಾತ್ ತಂದ ನೀರನ್ನು ಕುಡಿದು, ಲೋಟವನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂಬದಿಯಲ್ಲಿ ಹೊಸ ಬಣ್ಣದ ಮೇಲೆ ಅಂಗೈ ಇಟ್ಟು ‘ಇಲ್ಲೇನಾ ಬಡ್ದಿದ್ದು?’ ಎಂದರು. ಹೌದು ಎಂದೆ. ಅಂಗೈಯನ್ನು ಅಲ್ಲಿಯೇ ಸ್ವಲ್ಪ ಹೊತ್ತು ಇಟ್ಟಿದ್ದರು.

ಬೆಳಕು ಹೆಚ್ಚಾಗಿದ್ದುದರಿಂದ ನಾನು ಶೆಡ್ಡಿನ ಶಟರ್ ಎಳೆದೆ. ಒಳಗೆ ಕತ್ತಲಾಯಿತು. ಅವರು ಹಿಂದೆ ಹತ್ತು ಹೆಜ್ಜೆ ದೂರ ನಿಂತರು, ಪಕ್ಕದಲ್ಲಿ ಸೊಸೆ. ನಾನು ಒಳಗೆ ಕುಳಿತೆ.

‘ದೀಪ ಅಚ್ಚಪ್ಪ’ ಎಂದರು.

ಸ್ವಿಚ್ ತಿರುಗಿಸಿದೆ. ಮುಂದಿನ ದೀಪಗಳು ಎದುರಿನ ಗೋಡೆಯ ಮೇಲೆ ಬಿದ್ದವು. ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿತು. ನೀನು ಹೇಳಿದ್ದಂತೆಯೇ ಇತ್ತು.

‘ಅಚ್ಚಿದ್ಯಾ?’

‘ಹಚ್ಚಿದ್ದೇನೆ ತಾಯಿ.’

‘ಇಲ್ಲಿ ಏನೂ ಇಲ್ಲ ಕಣಪ್ಪ.’

ನಾನು ಬ್ರೇಕ್ ತುಳಿದು ಹಿಡಿದೆ. ‘ಈಗ?’ ಎಂದು ಕೇಳಿದೆ. ಸೊಸೆ ‘ಇಲ್ಲ’ ಎಂದರು. ಕನ್ನಡಿಯಲ್ಲಿ ನೋಡಿದೆ. ಹಿಂದೆ ಇಬ್ಬರು ನಿಂತಿದ್ದಾರೆ ಎಂಬುದು ಕಾಣುತ್ತಿರಲಿಲ್ಲ. ನನ್ನ ಹಿಂದೆ ಏನೂ ಇಲ್ಲದಂತೆ ಕಪ್ಪಾಗಿತ್ತು. ಪುಟ್ಟರಾಜುವಿಗೆ ಎದುರಿಗೆ ಕಂಡದ್ದೂ ಇದೇ ಇರಬೇಕು.

ಸೋಮಮ್ಮನವರು ಮಂಡಿ ಹಿಡಿದುಕೊಂಡು ನಿಧಾನವಾಗಿ ಕಿಟಕಿಯ ಬಳಿ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ‘ನನ್ ಮಗ ಸುಳ್ಳೇಳ್ನಿಲ್ಲ’ ಎಂದರು. ಅದನ್ನು ನನಗೆ ಹೇಳಿದ್ದಲ್ಲ. ಆಮೇಲೆ ನನ್ನನ್ನು ನೋಡಿ ಕೇಳಿದರು.

‘ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಯಾವಾಗ್ನಿಂದ?’

ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಅವರು ಕಾದರು. ಆಮೇಲೆ ಸೊಸೆಯ ಕಡೆ ತಿರುಗಿ, ಬಸ್ಸಿನ ಹೊತ್ತಾಯಿತು ನಡಿ ಎಂದರು. ನಾನು ಶಟರ್ ಎತ್ತಿದೆ. ಆಟೊದಲ್ಲಿ ಕಳಿಸುತ್ತೇನೆ ಎಂದದ್ದಕ್ಕೆ ಸೊಸೆ ತಲೆ ಅಲ್ಲಾಡಿಸಿದರು. ಇಬ್ಬರೂ ರಸ್ತೆಯ ಅಂಚಿನಲ್ಲಿ ನಡೆದು ಹೋದರು.

ಅವರು ಕೇಳಿದ್ದಕ್ಕೂ ನೀನು ಮಾರ್ಚ್‌ನಲ್ಲಿ ಕೇಳಿದ್ದಕ್ಕೂ ಉತ್ತರ ಒಂದೇ. ಅದನ್ನು ನಿನ್ನ ಸಂಖ್ಯೆಯಲ್ಲಿಯೇ ಬರೆಯುತ್ತೇನೆ.

8. ಜನವರಿ 17ರಂದು ಮಧ್ಯಾಹ್ನ ನೀನು ಫೋನ್ ಮಾಡಿ ಮುಳ್ಳಿನ ವಿಷಯ ಹೇಳಿದೆ. ನಾನು ಬೇರೊಂದು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ್ದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಿದ್ದೆ. ‘ಭಾನುವಾರ ತಗೊಂಡು ಬಾ, ನೋಡ್ತೀನಿ’ ಎಂದೆ. ಫೋನ್ ಇಟ್ಟ ಅರ್ಧ ನಿಮಿಷದಲ್ಲಿ ನನಗೆ ಅರ್ಥವಾಯಿತು. ಮುಳ್ಳು ತಿರುಗಿದೆ ಎಂದರೆ ಬ್ಯಾಟರಿ ತಿರುಗಿದೆ, ಬ್ಯಾಟರಿ ತಿರುಗಿದೆ ಎಂದರೆ ಹಿಂದಿನ ದೀಪಗಳಿಲ್ಲ. ಕತ್ತಲಲ್ಲಿ ಓಡಿಸಬೇಡ ಎಂದು ನಿನಗೆ ಹೇಳಬೇಕಿತ್ತು. ಕೈಯಲ್ಲಿ ಕೆಲಸವಿತ್ತು, ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಮರೆತೆ. ಮರುದಿನ ಸಂಜೆ ಆರೂ ಐವತ್ತಕ್ಕೆ ನಾನು ಶೆಡ್ಡಿಗೆ ಬೀಗ ಹಾಕುತ್ತಿದ್ದೆ.

ಹೇಳಿಕೆ ಬರೆಯುವಾಗ ಈ ಕರೆ ನೆನಪಾಗಲಿಲ್ಲ ಎಂದು ಬರೆದರೆ ಅದು ಸುಳ್ಳು. ನೆನಪಿದ್ದುದರಿಂದಲೇ 12-08-2023 ಎಂದು ತಾರೀಕು ಹಾಕಿ, ಆ ದಿನಕ್ಕೆ ಮಾತ್ರ ಅನ್ವಯಿಸುವಂತೆ ವಾಕ್ಯವನ್ನು ಕಟ್ಟಿದೆ. ಮಾರ್ಚ್‌ನಲ್ಲಿ ನಿನಗೆ ಪಟ್ಟಿ ಮಾಡುವಾಗಲೂ ಎಂಟನೆಯದನ್ನು ಮರೆತು ಬಿಟ್ಟದ್ದಲ್ಲ.

ಇನ್ನೂ ಒಂದಿದೆ. ಆಗಸ್ಟಿನಲ್ಲಿ ಪ್ರತಿ ದೀಪಕ್ಕೆ ನಾಲ್ಕು ಡಯೋಡ್ ಸೇರಿಸಿದ್ದರೆ, ಬ್ಯಾಟರಿಯನ್ನು ಹೇಗೆ ಜೋಡಿಸಿದರೂ ಅವು ಉರಿಯುತ್ತಿದ್ದವು. ನನಗೆ ಆಗಲೇ ಅದು ಹೊಳೆದಿತ್ತು. ಮೇಜಿನ ಮೇಲೆ ಡಯೋಡ್‌ಗಳನ್ನು ಎತ್ತಿಟ್ಟೂ ಇದ್ದೆ. ಅವನ್ನು ಸೇರಿಸಿದರೆ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಬಿಟ್ಟೆ. ಮುನ್ನೂರು ಅಡಿಯಿಂದ ನೋಡಿ ನೀನು ‘ಎಂಗ್ ಉರೀತಾವೆ ನೋಡ್ಲಾ, ಒಳ್ಳೆ ಮದ್ವೆ ಮನೆ ಇದ್ದಂಗೆ’ ಎಂದೆ. ಆ ಮಾತು ಕೇಳಿ ನನಗೆ ಸಂತೋಷವಾಗಿತ್ತು. ನಿನ್ನ ತಂದೆಯವರ ಕಾಲದ ಬೀಡಿ ಕೆಂಡದಂತಹ ಬಲ್ಬುಗಳು ಹಾಗೆಯೇ ಇದ್ದಿದ್ದರೆ, ಜನವರಿ 18ರಂದು ಅವು ಉರಿಯುತ್ತಿದ್ದವು. ಮಂಕಾಗಿ, ಆದರೆ ಉರಿಯುತ್ತಿದ್ದವು.

ಇದರಿಂದ ನಿನಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿದೆ. ನೀನು ದೀಪ ಉರಿಯುತ್ತಿಲ್ಲವೆಂದು ತಿಳಿದು ಓಡಿಸಲಿಲ್ಲ, ನನಗೆ ಹೇಳಿಯೂ ಇದ್ದೆ. ಅದನ್ನು ಅಷ್ಟೇ ಸ್ಪಷ್ಟವಾಗಿ ಹೇಳುತ್ತೇನೆ. ಅದು ನಿನ್ನನ್ನು ಉಳಿಸುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಶೆಡ್ಡಿನ ಜಾಗ ನಿನ್ನದು. ಸಾಮಾನುಗಳನ್ನು ಕಟ್ಟಲು ಆರಂಭಿಸಿದ್ದೇನೆ. ಕೋರ್ಟಿನ ದಿನ ಕಳೆದ ಮೇಲೆ ಬೀಗದ ಕೈಯನ್ನು ನಿಶಾತ್ ಮಳವಳ್ಳಿಗೆ ತಂದುಕೊಡುತ್ತಾಳೆ. ನಾನು ಬಂದರೆ ನಿನಗೆ ಕಷ್ಟವಾಗಬಹುದು.

ಕಾರನ್ನು ಹತ್ತನೆಯ ತಾರೀಕಿನವರೆಗೆ ಕಳಿಸುವುದಿಲ್ಲ. ಬ್ಯಾಟರಿ, ತಗಡು ಎರಡೂ ಇದ್ದಂತೆಯೇ ಇವೆ. ಕೋರ್ಟಿನವರು ಬಂದು ನೋಡಬೇಕೆಂದರೆ ನೋಡಲಿ.

ಜುಲೈ 10ರಂದು ನನ್ನ ಹಳೆಯ ಹೇಳಿಕೆಯನ್ನು ಓದುವುದಿಲ್ಲ. ಪಟ್ಟಿಯ ಎಂಟು ಸಂಗತಿಗಳನ್ನೂ ಹೇಳುತ್ತೇನೆ. ಎಂಟನೆಯದನ್ನು ಮೊದಲು ಹೇಳುತ್ತೇನೆ.

ಇತಿ,
ಅಫ್ಸರ್ ಪಾಷಾ